ಶಾರ್ಜಾದ ಸಂತೆಯಲ್ಲಿ ಒಂದು ಹಸಿರು ಹಲ್ಲಿ

2025ರ ಬೇಸಿಗೆ ರಜೆಯಲ್ಲಿ ಯಜಮಾನರೊಂದಿಗೆ ಶಾರ್ಜಾಕ್ಕೆ ಹೋಗುವ ಅವಕಾಶ ಸಿಕ್ಕಿತು. ನನ್ನ ತಮ್ಮ ಅಲ್ಲಿ ಹನ್ನೊಂದು ವರ್ಷಗಳಿಂದ ಕೆಲಸದಲ್ಲಿದ್ದಾನೆ. ಹೊರಡುವ ನಾಲ್ಕು ದಿನ ಮೊದಲು ಅವನ ಫೋನ್ ಬಂತು. "ಆಪಾ, ಬರುವಾಗ ಚಕ್ಕುಲಿ, ಉಪ್ಪಿನಕಾಯಿ ತರುವುದೆಲ್ಲ ಸರಿ. ಆದರೆ ನಮ್ಮ ಮನೆಯಲ್ಲೊಂದು ಪಂಚಾಯ್ತಿ ಇದೆ. ನೀವೇ ಬಂದು ತೀರ್ಮಾನ ಹೇಳಬೇಕು" ಎಂದ.

ಪಂಚಾಯ್ತಿ ಏನೆಂದರೆ, ತಮ್ಮ ತನ್ನ ಹತ್ತು ವರ್ಷದ ಮಗನಿಗೆ ಒಂದು ಮಾತು ಕೊಟ್ಟಿದ್ದ. ಕುರ್‌ಆನಿನ ಮೂವತ್ತನೇ ಜುಝ್‌ನ 37 ಸೂರಾಗಳನ್ನು ಕಂಠಪಾಠ ಮಾಡಿದರೆ ಕೇಳಿದ್ದನ್ನು ಕೊಡಿಸುತ್ತೇನೆ ಎಂದಿದ್ದ. ಸೈಕಲ್ ಕೇಳಬಹುದು, ಹೆಚ್ಚೆಂದರೆ ಒಂದು ಟ್ಯಾಬ್ ಕೇಳಬಹುದು ಎಂಬುದು ಅವನ ಲೆಕ್ಕ. ಹುಡುಗ ರಮಝಾನ್ ಮುಗಿಯುವ ಮುನ್ನ ಕೊನೆಯ ಸೂರಾವನ್ನೂ ಒಪ್ಪಿಸಿ, ಈದ್‌ನ ದಿನ ತನ್ನ ಬೇಡಿಕೆ ಮುಂದಿಟ್ಟ. ಅವನಿಗೆ ಬೇಕಾದದ್ದು ಇಗುವಾನಾ. ದೊಡ್ಡ ಹಸಿರು ಹಲ್ಲಿ!

ಅವನ ತಾಯಿ ಕೇಳಿದ ಕೂಡಲೇ ಕಿವಿ ಮುಚ್ಚಿಕೊಂಡಳಂತೆ. ಮನೆಯಲ್ಲಿ ಒಂಬತ್ತು ತಿಂಗಳ ಹಸುಗೂಸು ಬೇರೆ ಇದೆ. "ಹಲ್ಲಿಯನ್ನು ಕಂಡಲ್ಲಿ ಕೊಲ್ಲಬೇಕೆಂದು ಹದೀಸ್ ಇರುವಾಗ ಇದನ್ನು ಹಣ ಕೊಟ್ಟು ತಂದು ಸಾಕುವುದೇ?" ಎಂಬುದು ಅವಳ ವಾದ. "ಅಬ್ಬಾ ಮಾತು ಕೊಟ್ಟಿದ್ದಾರೆ, ಮಾತಿಗೆ ತಪ್ಪುವುದು ಮುನಾಫಿಕರ ಲಕ್ಷಣ ಎಂದು ನೀವೇ ಕಲಿಸಿದ್ದೀರಿ" ಎಂಬುದು ಮಗನ ವಾದ. ಇಬ್ಬರ ನಡುವೆ ತಮ್ಮ ಸಿಕ್ಕಿಬಿದ್ದಿದ್ದ. ಮದ್ರಸದಲ್ಲಿ ಕಲಿತವಳು, ಶಾಲೆಯಲ್ಲಿ ಕಲಿಸುವವಳು ಎಂಬ ಕಾರಣಕ್ಕೆ ತೀರ್ಪು ನನ್ನ ತಲೆಗೆ ಬಂತು.

ಏಳನೇ ಮಹಡಿಯ ಬಾಲ್ಯ

ಮಂಗಳೂರಿನಿಂದ ವಿಮಾನ ಏರಿದರೆ ಮೂರೂವರೆ ಗಂಟೆಯಲ್ಲಿ ದುಬೈ. ಅಲ್ಲಿಂದ ಶಾರ್ಜಾ ಎಂದರೆ ಒಂದು ಊರಿನ ಮುಂದುವರಿದ ಬೀದಿಯಂತೆ, ಎಲ್ಲಿ ದುಬೈ ಮುಗಿದು ಎಲ್ಲಿ ಶಾರ್ಜಾ ಶುರುವಾಯಿತೆಂದು ತಿಳಿಯುವುದಿಲ್ಲ. ತಮ್ಮನ ಮನೆ ಏಳನೇ ಮಹಡಿಯಲ್ಲಿ. ಒಂದು ಹಾಲ್, ಒಂದು ಮಲಗುವ ಕೋಣೆ, ಇಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ. ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡದ ಕಿಟಕಿ. ಏಪ್ರಿಲ್ ತಿಂಗಳಲ್ಲೇ ಮಧ್ಯಾಹ್ನ ಹೊರಗೆ ಕಾಲಿಡಲು ಮನಸ್ಸಾಗುವುದಿಲ್ಲ. ಎ.ಸಿ. ಹಗಲೂ ರಾತ್ರಿ ಗುರ್ ಎನ್ನುತ್ತಲೇ ಇರುತ್ತದೆ.

ಶಾರ್ಜಾದಲ್ಲಿ 2022ರಿಂದ ಶುಕ್ರವಾರ, ಶನಿವಾರ, ಭಾನುವಾರ ಹೀಗೆ ವಾರಕ್ಕೆ ಮೂರು ದಿನ ರಜೆ. ಸರಕಾರಿ ಕಚೇರಿಗಳಿಗೂ ಶಾಲೆಗಳಿಗೂ ಅನ್ವಯ. ಆದರೆ ತಮ್ಮನ ಕಂಪನಿಗೆ ಭಾನುವಾರ ಮಾತ್ರ ರಜೆ. ಹಾಗಾಗಿ ಹುಡುಗ ಎರಡು ದಿನ ಪೂರ್ತಿ ಮನೆಯೊಳಗೆ ಒಬ್ಬನೇ. ತಾಯಿಗೆ ಮಗುವಿನ ಕೆಲಸವೇ ಮುಗಿಯದು. ನಮ್ಮೂರು ಶಿವಮೊಗ್ಗದಲ್ಲಾದರೆ ಆ ವಯಸ್ಸಿನ ಮಕ್ಕಳು ಅಸರ್ ನಮಾಝ್ ಮುಗಿದ ಮೇಲೆ ಮಗ್ರಿಬ್ ಆಝಾನ್ ಆಗುವ ತನಕ ಬೀದಿಯಲ್ಲೇ ಇರುತ್ತಾರೆ. ಇಲ್ಲಿ ಇವನು ಮೊಬೈಲಿನಲ್ಲಿ ಪ್ರಾಣಿಗಳ ವಿಡಿಯೋ ನೋಡುತ್ತಾ ಕುಳಿತಿರುತ್ತಾನೆ. ಅವನಿಗೆ ಬೇಕಾದದ್ದು ಹಲ್ಲಿ ಎಂಬುದಕ್ಕಿಂತ, ತನ್ನ ಜೊತೆಗೆ ಜೀವವಿರುವ ಒಂದು ಏನಾದರೂ ಎಂದು ನನಗೆ ಮೊದಲ ದಿನವೇ ಅನಿಸಿತು. ಆದ್ದರಿಂದ "ಬೇಡ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ.

ನಾದಿನಿಗೆ ಮೊದಲು ಒಂದು ವಿಷಯ ಸ್ಪಷ್ಟಪಡಿಸಿದೆ. ಹದೀಸ್‌ಗಳಲ್ಲಿ ಬರುವ 'ವಝಗ್' ಎಂದರೆ ಮನೆಯ ಗೋಡೆಯ ಮೇಲೆ ಹರಿದಾಡುವ ಹಲ್ಲಿಯ ಜಾತಿ. ಇಗುವಾನಾ ಬೇರೆಯೇ ಜೀವಿ. ಅರಬರು ಅದನ್ನು ಆ ಕಾಲದಲ್ಲಿ ಕಂಡವರೇ ಅಲ್ಲ. ಒಂದು ಪ್ರಾಣಿಯ ಹುಕುಮನ್ನು ನೋಡಲು ಒಂದೇ ರೀತಿ ಇದೆ ಎಂಬ ಕಾರಣಕ್ಕೆ ಇನ್ನೊಂದಕ್ಕೆ ಅಂಟಿಸುವುದು ಸರಿಯಲ್ಲ. ಹಾವು, ಹಲ್ಲಿಗಳಂಥವನ್ನು ಮಾರುವುದು, ಕೊಳ್ಳುವುದರ ಬಗ್ಗೆ ಫಿಕ್ಹ್ ವಿದ್ವಾಂಸರಲ್ಲಿ ಚರ್ಚೆ ಇದೆ, ನಿಜ. ಆದರೆ ಪ್ರಾಣಿಯನ್ನು ಸಾಕುವುದೇ ತಪ್ಪು ಎಂದಲ್ಲ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಹಕ್ಕಿಯನ್ನು ಸಾಕಿದ್ದ. ಅದು ಸತ್ತಾಗ ಆ ಮಗು ದುಃಖಿಸಿದ್ದನ್ನು ಕಂಡು ಪ್ರವಾದಿವರ್ಯರು(ಸ) ಅವನನ್ನು ಅಕ್ಕರೆಯಿಂದ ಮಾತನಾಡಿಸಿದ್ದರು. ಹಕ್ಕಿ ಸಾಕಿದ್ದೇಕೆ ಎಂದು ಗದರಲಿಲ್ಲ.

"ಹಾಗಾದರೆ ತರಬಹುದು ಎನ್ನುತ್ತೀರಾ ಆಪಾ?" ಎಂದು ಅವಳು ಗಾಬರಿಯಿಂದ ಕೇಳಿದಳು. "ಮೊದಲು ನೋಡಿಕೊಂಡು ಬರೋಣ" ಎಂದೆ.

ಹಕ್ಕಿಗಳ ಸಂತೆ

ಶುಕ್ರವಾರ ಸಂಜೆ ತಮ್ಮ ಕೆಲಸ ಮುಗಿಸಿ ಬಂದ ಮೇಲೆ ಅಲ್ ಜುಬೈಲ್ ಕಡೆಯ ಹಕ್ಕಿ ಮತ್ತು ಪ್ರಾಣಿಗಳ ಮಾರುಕಟ್ಟೆಗೆ ಹೋದೆವು. ಕಾರಿನಿಂದ ಇಳಿಯುವ ಮೊದಲೇ ಶಬ್ದ ಕೇಳಿಸುತ್ತದೆ. ಸಾಲು ಸಾಲು ಅಂಗಡಿ, ಒಂದರ ಮೇಲೊಂದು ಪಂಜರ. ಲವ್ ಬರ್ಡ್ಸ್, ಪಾರಿವಾಳ, ಕೋಳಿ, ಬಾತು, ಮೊಲ, ಬೆಕ್ಕಿನ ಮರಿ, ಮೀನು. ಅಂಗಡಿಯವರಲ್ಲಿ ಪಾಕಿಸ್ತಾನಿಗಳು, ಬಂಗಾಳಿಗಳು, ಮಲಯಾಳಿಗಳು. ಕೊಳ್ಳಲು ಬಂದವರಲ್ಲಿ ಬಿಳಿ ಕಂದೂರಾ ತೊಟ್ಟ ಅರಬರು, ಮಕ್ಕಳನ್ನು ಎತ್ತಿಕೊಂಡ ಫಿಲಿಪೀನಿ ದಂಪತಿಗಳು, ನಮ್ಮಂತೆ ಸುಮ್ಮನೆ ನೋಡಲು ಬಂದವರು. ಧೂಳು, ಕಾಳು, ಹಕ್ಕಿಗಳ ವಾಸನೆ ಎಲ್ಲ ಸೇರಿ ನನಗೆ ನಮ್ಮೂರ ಸಂತೆ ನೆನಪಾಯಿತು.

ಒಂದು ಅಂಗಡಿಯ ಒಳಮೂಲೆಯಲ್ಲಿ ಗಾಜಿನ ಪೆಟ್ಟಿಗೆ. ಅದರಲ್ಲಿ ಒಂದು ಗೇಣು ಉದ್ದದ ಹಸಿರು ಮರಿಗಳು ಐದಾರು. ಎಳೆ ಬಾಳೆ ಎಲೆಯ ಬಣ್ಣ. ಒಂದು ನನ್ನತ್ತ ತಲೆ ಓರೆಮಾಡಿ ನೋಡಿತು. ಸುಳ್ಳು ಹೇಳಬಾರದು, ನನಗೂ ಅದು ಮುದ್ದಾಗಿಯೇ ಕಂಡಿತು. ಹುಡುಗನಂತೂ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟ.

"ತಗೊಳ್ಳಿ ಬಾಜಿ, ಇದಕ್ಕೆ ಏನೂ ಖರ್ಚಿಲ್ಲ. ಎಲೆ ತಿನ್ನುತ್ತದೆ, ಸುಮ್ಮನಿರುತ್ತದೆ. ಬೆಕ್ಕಿನಂತೆ ಕೂದಲು ಉದುರುವುದಿಲ್ಲ" ಎಂದ ಅಂಗಡಿಯವ. ಮರಿಗೆ 300 ದಿರ್ಹಮ್, ಗಾಜಿನ ಪೆಟ್ಟಿಗೆಗೆ ಬೇರೆ. ಎಷ್ಟು ದೊಡ್ಡದಾಗುತ್ತದೆ ಎಂದು ಕೇಳಿದೆ. "ಪೆಟ್ಟಿಗೆಗೆ ತಕ್ಕಷ್ಟೇ ಬೆಳೆಯುತ್ತದೆ" ಎಂದ. ಆ ಉತ್ತರ ನನಗೆ ಸರಿ ಅನಿಸಲಿಲ್ಲ. ಚಿಕ್ಕ ಚಪ್ಪಲಿ ಹಾಕಿದರೆ ಮಗುವಿನ ಕಾಲು ಬೆಳೆಯದೇ ಇರುತ್ತದೆಯೇ?

ಅಷ್ಟರಲ್ಲಿ ಒಬ್ಬ ಮಲಯಾಳಿ ಯುವಕ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹೊತ್ತು ಬಂದ. ಮುಚ್ಚಳ ತೆಗೆದ. ಒಳಗೆ ಮೂರು ಅಡಿ ಉದ್ದದ ಇಗುವಾನಾ. ಬಣ್ಣ ಮಂಕಾಗಿ ಬೂದಿ ಬಳಿದಂತಿತ್ತು. ಕೆಳದವಡೆ ಊದಿತ್ತು, ಹಿಂಗಾಲು ಬಾಗಿತ್ತು. ಅದು ನಿಲ್ಲಲು ನೋಡಿ ಮತ್ತೆ ಹೊಟ್ಟೆಯ ಮೇಲೆ ಕುಸಿಯಿತು. ನಾಲ್ಕು ವರ್ಷದ ಹಿಂದೆ ಮರಿಯಾಗಿದ್ದಾಗ ಕೊಂಡದ್ದಂತೆ. ಕೆಲಸ ಹೋಗಿದೆ, ವೀಸಾ ಮುಗಿಯುತ್ತದೆ, ಮುಂದಿನ ವಾರ ಊರಿಗೆ ಹೊರಡಬೇಕು. "ಹಣ ಬೇಡ, ಸುಮ್ಮನೆ ಇಟ್ಟುಕೊಳ್ಳಿ" ಎಂದು ಅವನು ಅಂಗಲಾಚಿದ. ಅಂಗಡಿಯವ ಬಗ್ಗಿ ನೋಡಿ ತಲೆಯಾಡಿಸಿದ. ದೊಡ್ಡದನ್ನು ಯಾರೂ ಕೊಳ್ಳುವುದಿಲ್ಲ, ಅದರಲ್ಲೂ ಕಾಯಿಲೆಯದ್ದನ್ನು. ಯುವಕ ಇನ್ನೆರಡು ಅಂಗಡಿ ಕೇಳಿದ. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿ, ಬಂದ ದಾರಿಯಲ್ಲೇ ಹೋದ. ಅದೇನಾಯಿತೋ ಅಲ್ಲಾಹನೇ ಬಲ್ಲ.

ನಮ್ಮ ಹುಡುಗ ವಾಪಸ್ಸು ಬರುವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ಫುಪ್ಪು, ಅದಕ್ಕೆ ಏನಾಗಿತ್ತು?" ಎಂದು ಕೇಳಿದ.

ಪುಸ್ತಕದಲ್ಲಿ ಬರೆದ ಲೆಕ್ಕ

"ಬಾ, ಇಬ್ಬರೂ ಸೇರಿ ತಿಳಿದುಕೊಳ್ಳೋಣ" ಎಂದು ಒಂದು ನೋಟ್ ಪುಸ್ತಕ ತೆರೆದೆವು. ತರಗತಿಯಲ್ಲಿ ಮಾಡಿಸುವಂತೆ ಒಂದು ಕಡೆ 'ಇಗುವಾನಾಕ್ಕೆ ಬೇಕಾದದ್ದು', ಇನ್ನೊಂದು ಕಡೆ 'ನಮ್ಮ ಮನೆಯಲ್ಲಿ ಇರುವುದು' ಎಂದು ಬರೆಸಿದೆ.

ಹಸಿರು ಇಗುವಾನಾದ ತವರು ಮೆಕ್ಸಿಕೋದಿಂದ ಬ್ರೆಝಿಲ್ ತನಕದ ಕಾಡುಗಳು. ನೀರಿನ ಪಕ್ಕದ ಮರಗಳ ಮೇಲೆ ಅದರ ವಾಸ. ಅಪಾಯ ಕಂಡರೆ ಕೊಂಬೆಯಿಂದ ನೀರಿಗೆ ಧುಮುಕಿ ಈಜಿ ಹೋಗುತ್ತದೆ. ಗೇಣುದ್ದದ ಮರಿ ಕೆಲವೇ ವರ್ಷಗಳಲ್ಲಿ ಬಾಲವೂ ಸೇರಿ ಐದು ಅಡಿಯಷ್ಟಾಗುತ್ತದೆ. ಗಂಡು ಆರು ಅಡಿಯನ್ನೂ ಮುಟ್ಟಬಹುದು. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಹುಡುಗ ಲೆಕ್ಕ ಹಾಕಿ, "ನನಗೆ ಆಗ ಮೂವತ್ತು!" ಎಂದ.

ದೊಡ್ಡದಕ್ಕೆ ಕನಿಷ್ಠ ಆರು ಅಡಿ ಉದ್ದ, ಆರು ಅಡಿ ಎತ್ತರ, ಮೂರು ಅಡಿ ಅಗಲದ ಗೂಡು ಬೇಕು. ಟೇಪ್ ಹಿಡಿದು ಹಾಲ್ ಅಳೆದೆವು. ಬೀರು ಮತ್ತು ಮಗುವಿನ ತೊಟ್ಟಿಲು ಎರಡನ್ನೂ ಹೊರಹಾಕಿದರೆ ಮಾತ್ರ ಜಾಗ.

ಇಗುವಾನಾ ತಣ್ಣನೆ ರಕ್ತದ ಪ್ರಾಣಿ. ತನ್ನ ಮೈ ಬಿಸಿಯನ್ನು ತಾನೇ ಮಾಡಿಕೊಳ್ಳಲಾರದು. ಹಗಲು ಮೈ ಕಾಯಿಸಿಕೊಳ್ಳಲು 35 ಡಿಗ್ರಿಯಷ್ಟು ಬಿಸಿ ಇರುವ ಒಂದು ಜಾಗ ಬೇಕು, ಗಾಳಿಯಲ್ಲಿ ತೇವಾಂಶವೂ ಬೇಕು. ಬಿಸಿ ಇಲ್ಲದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಮರುಭೂಮಿಯ ನಾಡಿನಲ್ಲಿ ಬಿಸಿಗೇನು ಕೊರತೆ ಎನ್ನಬಹುದು. ಆದರೆ ಮನೆಯೊಳಗೆ ಎ.ಸಿ. 23 ಡಿಗ್ರಿಯಲ್ಲಿ ಓಡುತ್ತಿದೆ. ಎ.ಸಿ. ಗಾಳಿ ತೇವವನ್ನೂ ಹೀರುತ್ತದೆ. ಒಂದೇ ಕೋಣೆಯಲ್ಲಿ ನಮಗೆ ಚಳಿ, ಅದಕ್ಕೆ ಬೇಸಿಗೆ ಮಾಡಬೇಕು.

ಮುಖ್ಯವಾದದ್ದು ಬೆಳಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಮೈಗೆ ಬಿದ್ದರೆ ಅದರ ದೇಹದಲ್ಲಿ ಡಿ ವಿಟಮಿನ್ ತಯಾರಾಗುತ್ತದೆ. ಆ ವಿಟಮಿನ್ ಇದ್ದರೆ ಮಾತ್ರ ಸುಣ್ಣದ ಅಂಶ ಎಲುಬಿಗೆ ಸೇರುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಆದ್ದರಿಂದ ವಿಶೇಷ ದೀಪ ಹಾಕಬೇಕು. ದೀಪ ಉರಿಯುತ್ತಿದ್ದರೂ ಅದರ ಕಿರಣ ಕ್ಷೀಣಿಸುವುದರಿಂದ ಆರು ತಿಂಗಳಿಂದ ವರ್ಷದೊಳಗೆ ಬದಲಿಸುತ್ತಿರಬೇಕು. ಇದು ತಪ್ಪಿದರೆ ಎಲುಬು ಮೆತ್ತಗಾಗಿ, ದವಡೆ ಊದಿ, ಕಾಲು ಬಾಗುತ್ತದೆ. ಸಂತೆಯಲ್ಲಿ ಕಂಡದ್ದು ಬಹುಶಃ ಅದೇ. ಆ ಯುವಕ ಕ್ರೂರಿಯಲ್ಲ. ಅವನಿಗೂ ಯಾರೋ "ಎಲೆ ಹಾಕಿದರೆ ಸಾಕು" ಎಂದಿದ್ದಿರಬೇಕು.

ಎಲೆ ಎಂದರೂ ಯಾವುದೋ ಎಲೆಯಲ್ಲ. ಇಗುವಾನಾ ಪೂರ್ತಿ ಸಸ್ಯಾಹಾರಿ. ಮಾಂಸ, ಮೊಟ್ಟೆ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ. ಲೆಟ್ಯೂಸ್‌ನಲ್ಲಿ ಸತ್ವವಿಲ್ಲ. ಪಾಲಕ್ ದಿನವೂ ಕೊಡಬಾರದು, ಅದು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಬಗೆಬಗೆಯ ಸೊಪ್ಪನ್ನು ದಿನಾ ಬೆಳಿಗ್ಗೆ ಹೆಚ್ಚಿ ಕೊಡಬೇಕು. ಬೆಳೆದ ಗಂಡು ಬೆದೆಯ ಕಾಲದಲ್ಲಿ ಸಾಕಿದವರನ್ನೇ ಕಚ್ಚುವುದುಂಟು, ಬಾಲದಿಂದ ಚಾಟಿಯಂತೆ ಬಾರಿಸುವುದುಂಟು. ಹೆಣ್ಣು, ಗಂಡಿಲ್ಲದೆಯೂ ಮೊಟ್ಟೆ ಕಟ್ಟಬಹುದು. ಇಡಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ನಿಂತು ಪ್ರಾಣಕ್ಕೆ ಕುತ್ತು.

ಇನ್ನು ನಾದಿನಿಯ ಭಯಕ್ಕೂ ಆಧಾರವಿತ್ತು. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ, ಮನುಷ್ಯರಿಗೆ ಮಾತ್ರ ವಾಂತಿ, ಭೇದಿ, ಜ್ವರ. ಐದು ವರ್ಷದೊಳಗಿನ ಮಕ್ಕಳು ಇರುವ ಮನೆಯಲ್ಲಿ ಸರೀಸೃಪ ಸಾಕಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಸಲಹೆ ಕೊಡುತ್ತದೆ. ವೃದ್ಧರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಇದೇ ಮಾತು. ಮುಟ್ಟಿದಾಗಲೆಲ್ಲ ಸಾಬೂನಿನಿಂದ ಕೈ ತೊಳೆಯಬೇಕು, ಅದರ ತಟ್ಟೆಯನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬಾರದು. ನಮ್ಮ ಹಸುಗೂಸು ನೆಲದಲ್ಲಿ ಅಂಬೆಗಾಲಿಡುತ್ತಾ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿತ್ತು.

ಕೊನೆಗೆ ಹುಡುಗನೇ ಒಂದು ಪ್ರಶ್ನೆ ಬರೆದ: 'ಜುಲೈಯಲ್ಲಿ ಊರಿಗೆ ಹೋಗುವಾಗ?' ಎರಡು ತಿಂಗಳು ಯಾರು ನೋಡಿಕೊಳ್ಳುತ್ತಾರೆ? ಗಲ್ಫ್‌ನ ಮನೆ ಎಂದರೆ ಎಂದೂ ಬಿಡಾರವೇ. ಅಬ್ಬಾರ ಕೆಲಸ ಇರುವ ತನಕ ಮನೆ. ಊರಿಗೆ ಮರಳುವಾಗ ಜೊತೆಗೆ ತರುವುದೂ ಸುಲಭವಲ್ಲ. ಇಗುವಾನಾ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ. ನಮ್ಮ ದೇಶದಲ್ಲಿ 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ, ಇಂತಹ ವಿದೇಶಿ ಪ್ರಾಣಿಗಳನ್ನು ಸಾಕಿರುವವರು ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ ಸತ್ತರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

"ಹೊರಗೆ ಬಿಟ್ಟುಬಿಟ್ಟರೆ?" ಎಂದ. ಅಮೆರಿಕದ ಫ್ಲೋರಿಡಾದಲ್ಲಿ ಹಾಗೆಯೇ ಆಯಿತು. ಸಾಕಿದವರು ಬಿಟ್ಟದ್ದು, ತಪ್ಪಿಸಿಕೊಂಡದ್ದು ಎಲ್ಲ ಸೇರಿ ಸಂತತಿ ಬೆಳೆದು ತೋಟ ತಿಂದವು, ಕಾಲುವೆಗಳ ದಂಡೆ ಕೊರೆದವು. 2020ರ ಜನವರಿಯಲ್ಲಿ ವಿಪರೀತ ಚಳಿ ಬಿದ್ದಾಗ, ಮೈ ಮರಗಟ್ಟಿ ಮರದಿಂದ ಇಗುವಾನಾಗಳು ಉದುರಬಹುದು ಎಂದು ಅಲ್ಲಿನ ಹವಾಮಾನ ಇಲಾಖೆಯೇ ಎಚ್ಚರಿಸಿತ್ತು. 2021ರಲ್ಲಿ ಅಲ್ಲಿ ಹೊಸದಾಗಿ ಇಗುವಾನಾ ಸಾಕುವುದನ್ನೇ ನಿಷೇಧಿಸಿದರು.

ಮರುಭೂಮಿಯ ಸ್ವಂತ ಹಲ್ಲಿ

ಭಾನುವಾರ ಅಲ್ ದೈದ್ ರಸ್ತೆಯಲ್ಲಿರುವ ಶಾರ್ಜಾ ಡೆಸರ್ಟ್ ಪಾರ್ಕ್‌ಗೆ ಹೋದೆವು. ಪೇಟೆ ದಾಟಿದ ಮೇಲೆ ಎರಡೂ ಬದಿ ಮರಳು, ಅಲ್ಲಲ್ಲಿ ಗಾಫ್ ಮರ. ಅಲ್ಲಿ 1999ರಲ್ಲಿ ಆರಂಭವಾದ ಅರೇಬಿಯನ್ ವೈಲ್ಡ್‌ಲೈಫ್ ಸೆಂಟರ್ ಇದೆ. ಆ ಮೃಗಾಲಯದ ವಿಶೇಷವೆಂದರೆ ಅಲ್ಲಿ ಅರೇಬಿಯಾದ ಪ್ರಾಣಿಗಳನ್ನು ಮಾತ್ರ ಇಟ್ಟಿದ್ದಾರೆ. ಹುಲಿಯೂ ಇಲ್ಲ, ಜಿರಾಫೆಯೂ ಇಲ್ಲ. ನಾವು ತಂಪಾದ ಕಟ್ಟಡದೊಳಗೆ ನಡೆಯುತ್ತೇವೆ, ಗಾಜಿನ ಆಚೆ ಬಯಲಿನಲ್ಲಿ ಓರಿಕ್ಸ್ ಜಿಂಕೆಗಳು. ಅಳಿವಿನಂಚಿನಲ್ಲಿರುವ ಅರೇಬಿಯನ್ ಚಿರತೆಯೂ ಇದೆ.

ಸರೀಸೃಪಗಳ ಭಾಗದಲ್ಲಿ ಹುಡುಗ ಒಂದು ಗಾಜಿನ ಮುಂದೆ ನಿಂತ. ಒಳಗೆ ಮರಳಿನ ಬಣ್ಣದ, ದಪ್ಪ ಮೈಯ, ಮುಳ್ಳು ಮುಳ್ಳು ಬಾಲದ ಹಲ್ಲಿ. ಅದೇ 'ಳಬ್ಬ್'. ಹದೀಸ್ ಓದಿದವರಿಗೆ ಇದು ಪರಿಚಿತ ಹೆಸರು. ಮೈಮೂನಾ(ರ)ರ ಮನೆಯಲ್ಲಿ ಊಟಕ್ಕೆ ಬೇಯಿಸಿದ ಳಬ್ಬ್ ಇಟ್ಟಾಗ, ನಮ್ಮ ನಾಡಿನಲ್ಲಿ ಇದರ ರೂಢಿಯಿಲ್ಲವೆಂದು ಪ್ರವಾದಿವರ್ಯರು(ಸ) ಕೈ ಹಿಂದೆ ತೆಗೆದಿದ್ದರು, ಆದರೆ ನಿಷಿದ್ಧವೆನ್ನಲಿಲ್ಲ, ಖಾಲಿದ್ ಬಿನ್ ವಲೀದ್(ರ) ಅವರೆದುರೇ ತಿಂದರು. ಮದ್ರಸದಲ್ಲಿ ಆ ಹದೀಸ್ ಓದುವಾಗ ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡದ್ದು ನಮ್ಮೂರ ಉಡವನ್ನು! ಇಪ್ಪತ್ತೈದು ವರ್ಷದ ಬಳಿಕ ನಿಜವಾದ ಳಬ್ಬ್ ಅನ್ನು ಕಂಡೆ.

ಅದೂ ಸೊಪ್ಪು ತಿನ್ನುವ ಪ್ರಾಣಿಯೇ. ಆಳವಾದ ಬಿಲ ತೋಡಿಕೊಂಡು ಮಧ್ಯಾಹ್ನದ ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತದೆ. ನೀರಿನ ಅಗತ್ಯ ಬಹುಪಾಲು ಎಲೆಯಿಂದಲೇ ತೀರುತ್ತದೆ. ಬೆಳಿಗ್ಗೆ ಮೈ ಕಪ್ಪಾಗಿದ್ದು ಬಿಸಿ ಹೀರಿಕೊಳ್ಳುತ್ತದೆ, ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ. ಸುಬ್‌ಹಾನಲ್ಲಾಹ್! ಒಂದಕ್ಕೆ ಮಳೆಕಾಡು, ಒಂದಕ್ಕೆ ಮರಳು. ಪ್ರತಿಯೊಂದಕ್ಕೂ ಅದರದೇ ಮನೆಯನ್ನು ಅಲ್ಲಾಹನು ಮಾಡಿಕೊಟ್ಟಿದ್ದಾನೆ. "ಇದಕ್ಕೆ ದೀಪ ಬೇಡ ಅಲ್ವಾ ಫುಪ್ಪು, ಹೊರಗಿದ್ದರೆ" ಎಂದ ಹುಡುಗ.

ನನ್ನ ಗಿಳಿ

ಮರಳಿ ಬರುವಾಗ ನಾನು ಅವನಿಗೆ ಈವರೆಗೆ ಯಾರಿಗೂ ಹೆಚ್ಚು ಹೇಳದ ಒಂದು ಮಾತು ಹೇಳಿದೆ. ನನಗೂ ಅವನ ವಯಸ್ಸಿದ್ದಾಗ ಒಂದು ಗಿಳಿ ಸಾಕಿದ್ದೆ. ನಮ್ಮ ಗಿಳಿಗಳನ್ನು ಪಂಜರದಲ್ಲಿಡುವುದು ಕಾನೂನಿಗೆ ವಿರುದ್ಧ ಎಂಬುದು ಆಗ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಂದು ಈದ್‌ಗೆ ನಾನಿಯ ಮನೆಗೆ ಹೊರಟೆವು. ಗಿಳಿಗೆ ನೀರು, ಕಾಳು ಹಾಕಲು ಪಕ್ಕದ ಮನೆಗೆ ಹೇಳುವ ಕೆಲಸ ನನ್ನದಾಗಿತ್ತು. ಹೊಸ ಬಟ್ಟೆಯ ಸಡಗರದಲ್ಲಿ ಮರೆತೆ. ನಾಲ್ಕು ದಿನ ಬಿಟ್ಟು ಬಂದಾಗ ಅದು ಪಂಜರದ ತಳದಲ್ಲಿ ಬಿದ್ದಿತ್ತು. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಹುಡುಕಿ ತಿನ್ನಲೂ ಬಿಡದೆ ಸಾಯಿಸಿ ನರಕಕ್ಕೆ ಹೋದ ಮಹಿಳೆಯ ಹದೀಸನ್ನು ಮುಂದೆ ಮದ್ರಸದಲ್ಲಿ ಓದಿದಾಗ ನನ್ನ ಕಣ್ಣೆದುರು ಬಂದದ್ದು ಆ ಪಂಜರ. ಇಂದೂ ಆ ಹದೀಸ್ ಪಾಠ ಮಾಡುವಾಗ ನನ್ನ ಗಂಟಲು ಕಟ್ಟುತ್ತದೆ.

ಅವನು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ, "ನನಗೆ ಇಗುವಾನಾ ಬೇಡ" ಎಂದ. ಧ್ವನಿಯಲ್ಲಿ ಅಳು ಇತ್ತು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಬಯಸಿದ್ದನ್ನು ತಾನೇ ಬಿಡುವಾಗ ನೋವಾಗುವುದು ಸಹಜ.

ಆದರೆ ತಮ್ಮನ ಮಾತು ಹಾಗೆಯೇ ಉಳಿದಿತ್ತಲ್ಲ? ಮಗುವನ್ನು ಏನೋ ಕೊಡುವೆನೆಂದು ಕರೆದ ತಾಯಿಯೊಬ್ಬರನ್ನು ಪ್ರವಾದಿವರ್ಯರು(ಸ) ಏನು ಕೊಡಲಿದ್ದೀರಿ ಎಂದು ವಿಚಾರಿಸಿ, ಏನೂ ಕೊಡದಿದ್ದರೆ ಅದು ಸುಳ್ಳಾಗಿ ಬರೆಯಲ್ಪಡುತ್ತಿತ್ತೆಂದು ಎಚ್ಚರಿಸಿದ್ದಾರೆ. ಮಗು ಕೈಬಿಟ್ಟಿತೆಂದು ತಂದೆಯ ಸಾಲ ತೀರಿಹೋಗುವುದಿಲ್ಲ. ನನ್ನ ತೀರ್ಪು ಇಷ್ಟೇ: "ಹಲ್ಲಿ ಬೇಡ, ಆದರೆ ನೀನು ಬೇರೇನಾದರೂ ಕೊಡಲೇಬೇಕು, ಅದನ್ನು ಅವನೇ ಹೇಳಬೇಕು." ತಮ್ಮ ಒಪ್ಪಿದ. ಹುಡುಗ ಯೋಚಿಸಿ, "ತಿಂಗಳಿಗೊಂದು ಭಾನುವಾರ ಅಬ್ಬಾ ನನ್ನೊಂದಿಗೆ ಹೊರಗೆ ಬರಬೇಕು. ಫೋನ್ ಮನೆಯಲ್ಲಿಟ್ಟು" ಎಂದ. ತಮ್ಮ ಸ್ಟೇರಿಂಗ್ ಹಿಡಿದವನು ಹಾಗೆಯೇ ತಲೆಯಾಡಿಸಿದ. 300 ದಿರ್ಹಮ್‌ಗಿಂತ ಇದು ಅವನಿಗೆ ದುಬಾರಿ ಎಂದು ನನಗೆ ಗೊತ್ತು. ಕೆಲವು ತಿಂಗಳು ತಪ್ಪುತ್ತಾನೆ, ಮಗ ಫೋನಿನಲ್ಲಿ ನನಗೆ ದೂರು ಹೇಳುತ್ತಾನೆ.

ಸಹೋದರಿಯರೇ, ಮಕ್ಕಳು ಪ್ರಾಣಿ ಸಾಕುವ ಆಸೆ ಪಟ್ಟರೆ ಗದರಬೇಡಿ, ಹಾಗೆಂದು ಸಂತೆಗೆ ಓಡಲೂ ಬೇಡಿ. ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ, ಏನು ತಿನ್ನುತ್ತದೆ, ಮನೆಯ ಎಳೆಮಕ್ಕಳಿಗೆ ಅಪಾಯವಿದೆಯೇ, ಕಾನೂನು ಏನೆನ್ನುತ್ತದೆ, ನಾವು ಊರಲ್ಲಿಲ್ಲದಾಗ ಯಾರು ನೋಡುತ್ತಾರೆ ಎಂಬುದನ್ನು ಅವರ ಕೈಯಿಂದಲೇ ಬರೆಸಿ. ಇಗುವಾನಾ ಕೆಟ್ಟ ಪ್ರಾಣಿಯಲ್ಲ. ದೊಡ್ಡ ಜಾಗ, ಬಿಡುವು, ಸ್ಥಿರವಾದ ನೆಲೆ ಇರುವವರು ಅದನ್ನು ಚೆನ್ನಾಗಿ ಸಾಕಬಹುದು. ನಮ್ಮಂತಹ ಸಾಮಾನ್ಯ ಮನೆಗೆ ಅದು ಹೇಳಿಸಿದ್ದಲ್ಲ.

ಜುಲೈಯಲ್ಲಿ ಅವರೆಲ್ಲ ಶಿವಮೊಗ್ಗಕ್ಕೆ ಬಂದರು. ಮಳೆ ಬಿಟ್ಟ ಒಂದು ಬೆಳಿಗ್ಗೆ ನಮ್ಮ ಹಿತ್ತಲ ಕಾಂಪೌಂಡ್ ಗೋಡೆಯ ಮೇಲೆ ಓತಿಕ್ಯಾತವೊಂದು ಬಿಸಿಲು ಕಾಯಿಸುತ್ತಾ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಹುಡುಗ ಮೆಟ್ಟಿಲ ಮೇಲೆ ಕುಳಿತು, ಅದು ಬೇಲಿ ದಾಟಿ ಹೋಗುವ ತನಕ ಅಲುಗಾಡದೆ ನೋಡಿದ. ನಾಷ್ಟಾ ತಣ್ಣಗಾಗಿತ್ತು. ನಾನು ಕರೆಯಲಿಲ್ಲ.